ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಮೇ ತಿಂಗಳು ಅಂದರೆ ಗಾಡಿ ರಿಪೇರಿ ಸೀಸನ್. ಮಳೆ ಹಿಡಿಯುವ ಮೊದಲು ಎಲ್ಲ ನೋಡಿಬಿಡೋಣ ಅಂತ ಆಯಿಲ್, ಏರ್ ಫಿಲ್ಟರ್ ಬದಲಿಸುತ್ತೇವೆ. ಅದರ ಜೊತೆಗೇ ಪ್ಲಗ್ಗೂ ಹೊಸದು ಬೀಳುತ್ತದೆ. ಮರುದಿನದಿಂದ ಫೋನ್ ಶುರು: "ಹೊಸ ಪ್ಲಗ್ ಹಾಕಿಸಿದೆ, ಹಳದಿ ಲೈಟ್ ಹತ್ತಿಕೊಂಡು ಕೂತಿದೆ." ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ, ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿನವರಿಗೆ.

ಪ್ಲಗ್ ಹಾಕುವ ಮೊದಲು ಲೈಟ್ ಇರಲಿಲ್ಲ. ಅಂದ್ರೆ ಹೊಸ ಪ್ಲಗ್ಗೇ ಕೆಟ್ಟಿದೆ ಅಲ್ವಾ?

ಇರಬಹುದು, ಆದರೆ ಅದನ್ನು ಕೊನೆಗೆ ನೋಡಿ. ಪ್ಲಗ್ ತನಕ ಕೈ ಹೋಗಬೇಕಾದರೆ ಏನೇನು ಬಿಚ್ಚಿದಿರಿ, ಮೊದಲು ಅದನ್ನು ನೆನಪು ಮಾಡಿಕೊಳ್ಳಿ. ಪ್ಲಾಸ್ಟಿಕ್ ಕವರ್, ಏರ್ ಫಿಲ್ಟರ್ ಡಬ್ಬಿ, ಅದರ ಸೆನ್ಸರ್ ವೈರು, ಒಂದೆರಡು ರಬ್ಬರ್ ಪೈಪು, ಕಾಯಿಲ್‌ನ (ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಭಾಗ) ಕನೆಕ್ಟರ್, ಆಮೇಲೆ ಕಾಯಿಲ್. ಇಷ್ಟರಲ್ಲಿ ಯಾವುದಾದರೂ ಒಂದು ಸರಿಯಾಗಿ ಕೂತಿರುವುದಿಲ್ಲ. ನಾನು ನೋಡಿದ ಹೆಚ್ಚಿನ ಗಾಡಿಗಳ ಕಥೆ ಇದೇ. ಹೊಸ ಸಾಮಾನಿಗೆ ದುಡ್ಡು ಬಿಚ್ಚುವ ಮೊದಲು ಮುಟ್ಟಿದ ಜಾಗಗಳನ್ನೇ ಇನ್ನೊಂದು ಸಲ ಮುಟ್ಟಿ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಗ್ಯಾರೇಜುಗಳಲ್ಲಿ ಜಾಸ್ತಿ. ಪ್ಲಗ್ ಆಯಿತು, ಇನ್ನು ಕಾಯಿಲ್ ಹಾಕೋಣ, ಅದೂ ಆಯಿತು, ಇಂಜೆಕ್ಟರ್ (ಪೆಟ್ರೋಲ್ ಚಿಮುಕಿಸುವ ಭಾಗ) ಕ್ಲೀನ್ ಮಾಡೋಣ ಅಂತ ಬಿಲ್ಲು ಬೆಳೆಯುತ್ತಾ ಹೋಗುತ್ತದೆ.

ಲೈಟ್ ಸುಮ್ನೆ ಹತ್ತಿಕೊಂಡೇ ಇದೆ. ಇನ್ನೊಬ್ಬರದು ಮಿನುಗುತ್ತಿದೆ. ಎರಡೂ ಒಂದೇನಾ?

ಅಲ್ಲ, ಬಹಳ ವ್ಯತ್ಯಾಸ ಇದೆ.

ಒಂದೇ ಸಮ ಹತ್ತಿದ್ದರೆ ಏನೋ ದೋಷ ದಾಖಲಾಗಿದೆ ಎಂದರ್ಥ. ಗಾಡಿ ಸರಾಗವಾಗಿ ಓಡುತ್ತಿದ್ದರೆ ನಿಧಾನವಾಗಿ ಮನೆಗೋ ಗ್ಯಾರೇಜಿಗೋ ಹೋಗಬಹುದು.

ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ. ಯಾವುದೋ ಸಿಲಿಂಡರಿನಲ್ಲಿ ಕಿಡಿ ಹೊತ್ತದೆ ಪೆಟ್ರೋಲ್ ಹಾಗೇ ಸೈಲೆನ್ಸರ್ ಪೈಪಿಗೆ ಹೋಗುತ್ತಿದೆ. ಅಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಒಳಗೆ ಸಣ್ಣ ಸಣ್ಣ ತೂತುಗಳ ಸೆರಾಮಿಕ್ ತುಂಡು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನ ತೆಳು ಲೇಪ. ಸುಡದ ಪೆಟ್ರೋಲ್ ಅಲ್ಲಿ ಹೊತ್ತಿಕೊಂಡರೆ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸೆರಾಮಿಕ್ ಕರಗಿ ಮುದ್ದೆಯಾಗುತ್ತದೆ, ಹೊಗೆಗೆ ದಾರಿ ಕಟ್ಟಿಕೊಳ್ಳುತ್ತದೆ. ಆ ಲೋಹಗಳ ರೇಟು ಗೊತ್ತಿದ್ದವರಿಗೆ ಕನ್ವರ್ಟರ್ ಬಿಲ್ಲು ಎಷ್ಟಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಲೈಟ್ ಮಿನುಗಿದ ಕೂಡಲೇ ಆಕ್ಸಿಲರೇಟರ್ ಬಿಡಿ, ಸೈಡಿಗೆ ಹಾಕಿ, ಬಂದ್ ಮಾಡಿ. "ಗೋಗಟೆ ಸರ್ಕಲ್ ತನಕ ಹೋಗಿಬಿಡ್ತೀನಿ" ಅನ್ನುವುದು ಬೇಡ.

ಕೆಂಪು ಲೈಟ್ ಬಂದಿದೆ.

ಅದು ಬೇರೆ ವಿಷಯ. ಎಣ್ಣೆ ಗಿಂಡಿಯ ಚಿತ್ರ ಕೆಂಪಗೆ ಹತ್ತಿದರೆ ಆಯಿಲ್ ಪ್ರೆಶರ್ ಇಲ್ಲ, ತಕ್ಷಣ ಎಂಜಿನ್ ಬಂದ್ ಮಾಡಿ. ಥರ್ಮಾಮೀಟರ್ ಚಿತ್ರವಾದರೆ ಎಂಜಿನ್ ಕಾದಿದೆ. ಬ್ಯಾಟರಿ ಚಿತ್ರವಾದರೆ ಚಾರ್ಜಿಂಗ್ ಆಗುತ್ತಿಲ್ಲ. ಕೆಲಸ ಮಾಡುವಾಗ ಆಲ್ಟರ್ನೇಟರ್ ವೈರಿಗೆ ಕೈ ತಾಗಿತೇ ಅಂತ ನೋಡಿ.

ಕಿಡಿ ಹೊತ್ತಲಿಲ್ಲ ಅಂತ ಗಾಡಿಗೆ ಹೇಗೆ ಗೊತ್ತಾಗುತ್ತದೆ?

ಪ್ಲಗ್ಗಿಗೆ ಯಾವ ಸೆನ್ಸರೂ ಇಲ್ಲ. ಕ್ರ್ಯಾಂಕ್ ಶಾಫ್ಟ್ ಹತ್ತಿರ ಒಂದು ಸೆನ್ಸರ್ ಇದೆ, ಶಾಫ್ಟ್ ತಿರುಗುವ ವೇಗವನ್ನು ಅದು ಅಳೆಯುತ್ತಲೇ ಇರುತ್ತದೆ. ಪ್ರತಿ ಸಿಲಿಂಡರ್ ಹೊತ್ತಿದಾಗಲೂ ಶಾಫ್ಟಿಗೆ ಒಂದು ನೂಕು ಸಿಗಬೇಕು. ಮೂರನೆಯದರ ಸರದಿಯಲ್ಲಿ ನೂಕು ಸಿಗದೆ ವೇಗ ಒಂದು ಚೂರು ತಗ್ಗಿದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮೂರನೆಯದರ ಹೆಸರು ಬರೆದುಕೊಳ್ಳುತ್ತದೆ. ಅಂದರೆ ಅದು ಹೇಳುವುದು ಇಷ್ಟೇ: ಇಲ್ಲಿ ಬೆಂಕಿ ಹೊತ್ತಲಿಲ್ಲ. ಪ್ಲಗ್ಗಾ, ಕಾಯಿಲ್ಲಾ, ಇಂಜೆಕ್ಟರಾ ಅಂತ ಹೇಳುವುದಿಲ್ಲ. ಬಹಳ ಕೆಟ್ಟ ರಸ್ತೆಯಲ್ಲಿ ಚಕ್ರ ಎಗರಿದರೂ ಶಾಫ್ಟ್ ವೇಗ ಹೀಗೇ ಏರುಪೇರಾಗುತ್ತದೆ. ಅದಕ್ಕೇ ಕೆಲವು ಕಾರುಗಳು ಗುಂಡಿ ರಸ್ತೆಯಲ್ಲಿ ಈ ಲೆಕ್ಕವನ್ನೇ ನಿಲ್ಲಿಸಿಬಿಡುತ್ತವೆ. ನಮ್ಮ ಕಡೆ ಓಡುವ ಗಾಡಿಗಳು ವರ್ಷದಲ್ಲಿ ಎಷ್ಟು ದಿನ ಲೆಕ್ಕ ಇಡುತ್ತವೋ!

ಕೋಡ್ ಓದಿಸಲೇಬೇಕಾ?

ಓದಿಸಿ. ಕೋಡ್ ಅಂದರೆ ಇಸಿಯು ಬರೆದಿಟ್ಟ ದೋಷದ ನಂಬರ್. ಅಳಿಸುವ ಮೊದಲು ಓದಿಸಿ, ಬರೆದಿಟ್ಟುಕೊಳ್ಳಿ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಈ ಕೋಡ್ ಓದಲೆಂದೇ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ. ನಮ್ಮಲ್ಲಿ ಓಬಿಡಿ-2 ಕಡ್ಡಾಯವಾಗಿದ್ದು 2013ರಲ್ಲಿ, ಹಾಗಾಗಿ ಆಮೇಲಿನ ಗಾಡಿಗಳಲ್ಲಿ ಚಿಂತೆಯಿಲ್ಲ. ಬ್ಲೂಟೂತ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಬರುತ್ತದೆ. ಕೋಡ್ ಜೊತೆಗೆ "ಫ್ರೀಜ್ ಫ್ರೇಮ್" ಅಂತ ಒಂದು ದಾಖಲೆ ಇರುತ್ತದೆ: ದೋಷ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಎಂಜಿನ್ ಎಷ್ಟು ಬಿಸಿ ಇತ್ತು. ಬ್ಯಾಟರಿ ಟರ್ಮಿನಲ್ ಕಿತ್ತು ಲೈಟ್ ಆರಿಸುವವರು ಈ ಸುಳಿವನ್ನೂ ಕಳೆದುಕೊಳ್ಳುತ್ತಾರೆ.

ಪಿ0301 ಅಂತ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಕೊನೆಯ ಅಂಕೆ ಸಿಲಿಂಡರ್ ನಂಬರ್. 0301 ಅಂದರೆ ಒಂದನೆಯದು, 0304 ಅಂದರೆ ನಾಲ್ಕನೆಯದು. ಆಲ್ಟೊ, ಕ್ವಿಡ್, ಟಿಯಾಗೊದಂಥ ಮೂರು ಸಿಲಿಂಡರಿನ ಗಾಡಿಯಲ್ಲಿ 0304 ಬರುವ ಹಾಗೇ ಇಲ್ಲ. ಒಂದನೆಯ ಸಿಲಿಂಡರ್ ಸಾಮಾನ್ಯವಾಗಿ ಬೆಲ್ಟು ಅಥವಾ ಟೈಮಿಂಗ್ ಚೈನ್ ಇರುವ ಬದಿಯಲ್ಲಿ. ಖಾತ್ರಿಗೆ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ.

ಎಂಜಿನ್ ತಣ್ಣಗಾಗಲಿ, ಕೀ ತೆಗೆದಿಡಿ. ಮೊದಲು ಕಾಯಿಲ್ ಕನೆಕ್ಟರ್. ಸರಿಯಾಗಿ ಕೂತರೆ "ಟಿಕ್" ಅನ್ನುತ್ತದೆ. ವರ್ಷಗಟ್ಟಲೆ ಎಂಜಿನ್ ಬಿಸಿಗೆ ಬೆಂದ ಪ್ಲಾಸ್ಟಿಕ್ ಬಿಚ್ಚುವಾಗಲೇ ಪುಡಿಯಾಗುತ್ತದೆ, ಲಾಕ್ ಮುರಿದಿರುತ್ತದೆ. ಕೂತಂತೆ ಕಾಣುತ್ತದೆ, ಗಾಡಿ ನಡುಗಿದಾಗ ಅರ್ಧ ಹೊರಗೆ ಬರುತ್ತದೆ. ಮೆಲ್ಲಗೆ ಎಳೆದು ನೋಡಿ. ಸುಲಭವಾಗಿ ಬಂದರೆ ಕಳ್ಳ ಸಿಕ್ಕ.

ಅದು ಸರಿ ಇದ್ದರೆ ಕಾಯಿಲ್ ಹೊರಗೆ ತೆಗೆದು ಕೆಳಗಿನ ರಬ್ಬರ್ ಬೂಟ್ ನೋಡಿ. ಒಳಗೆ ಒಂದು ಸ್ಪ್ರಿಂಗ್ ಇರಬೇಕು. ಎಷ್ಟೋ ಸಲ ಹಳೆ ಪ್ಲಗ್ ತೆಗೆಯುವಾಗ ಆ ಸ್ಪ್ರಿಂಗ್ ಪ್ಲಗ್ ತಲೆಗೇ ಅಂಟಿಕೊಂಡು ಹೋಗಿ, ಹಳೆ ಪ್ಲಗ್ ಜೊತೆಗೆ ಕಸದ ಡಬ್ಬಿ ಸೇರಿರುತ್ತದೆ. ಬೂಟ್ ಹರಿದಿದೆಯಾ, ಒಳಗೆ ಎಣ್ಣೆ ಇದೆಯಾ ನೋಡಿ. ಪ್ಲಗ್ ಕೂರುವ ಕುಳಿಗೆ ಎಣ್ಣೆ ಬಂದಿದ್ದರೆ ಮೇಲಿನ ವಾಲ್ವ್ ಕವರ್‌ನ ಸೀಲ್ ಹೋಗಿದೆ. ಎಣ್ಣೆಯಲ್ಲಿ ನೆಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಕಿಡಿ ಸೋರುತ್ತದೆ.

ಈಗ ಪ್ಲಗ್. ಬಿಳಿ ಸೆರಾಮಿಕ್ ಮೇಲೆ ಬೆಳಕು ಬೀಳುವಂತೆ ಹಿಡಿದು ನಿಧಾನವಾಗಿ ತಿರುಗಿಸಿ. ಕೂದಲೆಳೆಯಂಥ ಬಿರುಕು ಕಂಡರೆ ಆ ಪ್ಲಗ್ ಕೈಯಿಂದ ಬಿದ್ದಿರಬೇಕು, ಇಲ್ಲವೇ ಸಾಕೆಟ್ ಓರೆಯಾಗಿ ಹಿಡಿದು ತಿರುಗಿಸಿದ್ದಾರೆ. ಮೇಲಿಂದ ಕೆಳಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಕಿಡಿ ತುದಿಗೆ ಹೋಗದೆ ಹೊರಮೈ ಮೇಲಿಂದ ಜಿಗಿದಿದೆ. ಅಂಥ ಗೆರೆಯ ಜೋಡಿ ಬೂಟಿನ ಒಳಗೂ ಇರುತ್ತದೆ. ಆಗ ಬೂಟನ್ನೂ ಬದಲಿಸಬೇಕು. ಹಳೆ ಬೂಟ್ ಉಳಿಸಿಕೊಂಡರೆ ಮತ್ತೊಂದು ಹೊಸ ಪ್ಲಗ್ ಮೇಲೂ ಅದೇ ಗೆರೆ ಬೀಳುತ್ತದೆ. ಆದರೆ ಲೋಹದ ಹತ್ತಿರ ಕಂದು ಬಣ್ಣದ ಉಂಗುರ ಕಂಡರೆ ಹೆದರಬೇಡಿ. ಅದು ಬರೀ ಕಲೆ. "ಕಂಪ್ರೆಶನ್ ಲೀಕ್ ಆಗಿದೆ" (ಸಿಲಿಂಡರಿನ ಒತ್ತಡ ಸೋರಿದೆ) ಅಂತ ಅದನ್ನೇ ತೋರಿಸುವವರಿದ್ದಾರೆ, ನಂಬಬೇಡಿ.

ಎಲ್ಲ ಸರಿ ಕಂಡರೆ ಅದಲುಬದಲು ಪರೀಕ್ಷೆ. ಒಂದರ ಕಾಯಿಲ್ ಎರಡಕ್ಕೆ, ಎರಡರದ್ದು ಒಂದಕ್ಕೆ ಹಾಕಿ, ಕೋಡ್ ಅಳಿಸಿ, ಸ್ವಲ್ಪ ಓಡಿಸಿ. ಕೋಡ್ ಈಗ 0302 ಆದರೆ ಕಾಯಿಲ್ಲೇ ಕಾರಣ. 0301ರಲ್ಲೇ ನಿಂತರೆ ಪ್ಲಗ್ ಅದಲುಬದಲು ಮಾಡಿ. ಆಗಲೂ ಅಲ್ಲೇ ನಿಂತರೆ ವೈರಿಂಗ್, ಇಂಜೆಕ್ಟರ್, ಕಂಪ್ರೆಶನ್ ಕಡೆ ಹೋಗಬೇಕು. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ಗ್ಯಾರೇಜಿನವರು ಮಾಡದಿದ್ದರೆ ನೀವೇ ಕೇಳಿ ಮಾಡಿಸಿ.

ಪಿ0300 ಬಂದರೆ?

ಒಂದಕ್ಕಿಂತ ಹೆಚ್ಚು ಸಿಲಿಂಡರ್ ಮಿಸ್ ಆಗುತ್ತಿವೆ. ಆಗ ಎಲ್ಲಕ್ಕೂ ಸಾಮಾನ್ಯವಾದ ಕಾರಣ ಹುಡುಕಬೇಕು: ತಪ್ಪು ನಂಬರಿನ ಪ್ಲಗ್, ತಪ್ಪು ಗ್ಯಾಪ್ (ಪ್ಲಗ್‌ನಲ್ಲಿ ಕಿಡಿ ಹಾರುವ ತುದಿಗಳ ನಡುವಿನ ಅಂತರ), ಕಳಚಿದ ಗಾಳಿ ಪೈಪು, ಅಥವಾ ಕೆಟ್ಟ ಪೆಟ್ರೋಲ್.

ಪಿ0171 ಅಂತಿದೆ. ಪ್ಲಗ್ಗಿಗೂ ಇದಕ್ಕೂ ಏನು ಸಂಬಂಧ?

ಪ್ಲಗ್ಗಿಗೆ ಇಲ್ಲ, ಪ್ಲಗ್ ಬದಲಿಸಿದ ಕೈಗೆ ಇದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವ ಕೋಡ್ ಇದು. ಏರ್ ಫಿಲ್ಟರ್ ಡಬ್ಬಿ ಎತ್ತಿಟ್ಟಾಗ ಕಳಚಿದ ಬ್ರೀದರ್ ಪೈಪು, ಸಡಿಲ ಉಳಿದ ಕ್ಲಾಂಪು, ಬಿರುಕುಬಿಟ್ಟ ರಬ್ಬರ್ ಹೋಸು, ಇವೇ ಕಾರಣ. ಎಂಜಿನ್ ಚಾಲೂ ಇಟ್ಟು ಕಿವಿಗೊಡಿ, "ಸ್ಸ್" ಅನ್ನುವ ಶಬ್ದ ಕೇಳಬಹುದು. ಪಿ0102 ಬಂದರೆ ಗಾಳಿ ಅಳೆಯುವ ಸೆನ್ಸರಿನ ಕನೆಕ್ಟರ್ ನೋಡಿ, ಹಾಕಲು ಮರೆತಿರುತ್ತಾರೆ. ಪಿ0351ರಿಂದ ಪಿ0354ರವರೆಗಿನ ಕೋಡ್‌ಗಳು ಕಾಯಿಲ್‌ನ ವಿದ್ಯುತ್ ಸರ್ಕ್ಯೂಟಿನವು. ಅಲ್ಲೂ ಮೊದಲ ಅನುಮಾನ ಕನೆಕ್ಟರ್ ಮೇಲೆಯೇ.

ನನ್ನದು ವೈರ್ ಇರುವ ಹಳೆ ಸ್ಯಾಂಟ್ರೊ. ವೈರ್ ಅದಲುಬದಲಾದರೆ ಹೀಗಾಗುತ್ತದೆಯೇ?

ಆಗುತ್ತದೆ. ಗಾಡಿ ಗಡಗಡ ನಡುಗುತ್ತದೆ, ಸೈಲೆನ್ಸರ್ "ಢಮ್" ಅನ್ನಬಹುದು. ತಮಾಷೆ ಏನೆಂದರೆ, ನಾಲ್ಕು ಸಿಲಿಂಡರಿನ ಕಾಯಿಲ್ ಪ್ಯಾಕ್ (ಕಾಯಿಲ್‌ಗಳೆಲ್ಲ ಒಂದೇ ಡಬ್ಬಿಯಲ್ಲಿ, ಅಲ್ಲಿಂದ ಪ್ಲಗ್ಗಿಗೆ ವೈರ್) ಗಾಡಿಯಲ್ಲಿ 1 ಮತ್ತು 4ಕ್ಕೆ ಒಟ್ಟಿಗೇ ಕಿಡಿ, 2 ಮತ್ತು 3ಕ್ಕೆ ಒಟ್ಟಿಗೇ ಕಿಡಿ. ಹಾಗಾಗಿ 1-4 ಅದಲಾದರೆ ಏನೂ ಆಗುವುದಿಲ್ಲ, 1-2 ಅದಲಾದರೆ ಗಾಡಿ ಎದ್ದೇಳುವುದೇ ಕಷ್ಟ. ಮುಂದಿನ ಸಲ ಒಂದೊಂದೇ ವೈರ್ ಬಿಚ್ಚಿ, ಪ್ಲಗ್ ಬದಲಿಸಿ, ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ಪ್ಲಗ್ ಹಾಕಿಸಿ ವಾಟರ್ ಸರ್ವಿಸಿಂಗ್ ಮಾಡಿಸಿದೆ. ಆಮೇಲೆ ಲೈಟ್ ಬಂತು.

ಪ್ಲಗ್ ಕುಳಿಯಲ್ಲಿ ನೀರು ನಿಂತಿದೆ. ಕಾಯಿಲ್ ಮೇಲಿನ ರಬ್ಬರ್ ಸೀಲ್ ಸರಿಯಾಗಿ ಕೂತಿಲ್ಲದಿದ್ದರೆ ಪ್ರೆಶರ್ ನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿ ಇಲ್ಲ. ಜುಲೈ ತಿಂಗಳ ಬೆಳಗಾವಿ ಮಳೆಯಲ್ಲಿ ಬಯಲಲ್ಲಿ ನಿಲ್ಲಿಸಿದ ಗಾಡಿಗೂ ಇದೇ ಪಾಡು, ಅದರಲ್ಲೂ ಮೇಲಿನ ಪ್ಲಾಸ್ಟಿಕ್ ಕವರ್ ಮುರಿದು ಬಿಸಾಕಿದ್ದರೆ. ಕಾಯಿಲ್ ತೆಗೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಂಪ್ರೆಸರ್ ಗಾಳಿಯಿಂದ ನೀರು ಹಾರಿಸಿ. ಮೊದಲು ನೀರು, ಆಮೇಲೆ ಪ್ಲಗ್. ಇದನ್ನು ತಿರುವುಮುರುವು ಮಾಡಿದರೆ ಕುಳಿಯ ನೀರು ಮಣ್ಣು ಸಮೇತ ಸಿಲಿಂಡರಿಗೆ ಇಳಿಯುತ್ತದೆ. ಬೂಟಿನ ಬಾಯಿಗೆ ಒಂದು ಚೂರು ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಗೊಡದ ಗ್ರೀಸ್) ಸವರಿದರೆ ಒಳ್ಳೆಯದು.

ಊರೊಳಗೆ ಏನೂ ಇಲ್ಲ. ಚೋರ್ಲಾ ಘಾಟ್ ಏರುವಾಗ ಮಾತ್ರ ಮಿನುಗುತ್ತದೆ. ಯಾಕೆ?

ಒಳ್ಳೆಯ ಪ್ರಶ್ನೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ತಿಳಕವಾಡಿಯ ಸಪಾಟು ರಸ್ತೆಯಲ್ಲಿ ನಿಭಾಯಿಸುವ ಸುಸ್ತಾದ ಕಾಯಿಲ್ ಘಾಟಿಯಲ್ಲಿ ಕೈ ಕೊಡುತ್ತದೆ. ಬಿರುಕುಬಿಟ್ಟ ಸೆರಾಮಿಕ್, ಅಗಲವಾದ ಗ್ಯಾಪ್, ಸೋರುವ ಬೂಟ್ ಕೂಡ ಅಲ್ಲೇ ಬಣ್ಣ ಬಯಲು ಮಾಡುತ್ತವೆ. ಜಾಂಬೋಟಿ ದಾಟಿದ ಮೇಲೆ ಕಾಡು, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಗೋವಾಕ್ಕೆ ಹೊರಡುವ ಹಿಂದಿನ ದಿನ ಪ್ಲಗ್ ಬದಲಿಸಬೇಡಿ. ಒಂದು ವಾರ ಮೊದಲೇ ಹಾಕಿಸಿ, ಊರ ಸುತ್ತಮುತ್ತ ಓಡಿಸಿ ನೋಡಿ.

ನಾವು ವಿಜಯಪುರದವರು. ಬೆಳಿಗ್ಗೆ ಸರಿ, ಮಧ್ಯಾಹ್ನ ಬಿಸಿಲಿಗೆ ಗಾಡಿ ಜರ್ಕ್ ಹೊಡೆಯುತ್ತದೆ.

ಕಾಯಿಲ್ ಮೇಲೆ ಅನುಮಾನ ಪಡಿ. ಒಳಗಿನ ತಂತಿಯ ಇನ್ಸುಲೇಶನ್ ಸೋತಿದ್ದರೆ ತಣ್ಣಗಿರುವಾಗ ಕೆಲಸ ಮಾಡಿ, ಕಾದ ಮೇಲೆ ಕೈ ಎತ್ತುತ್ತದೆ. 40 ಡಿಗ್ರಿ ದಾಟುವ ನಿಮ್ಮ ಏಪ್ರಿಲ್-ಮೇ ಬಿಸಿಲಿಗೆ ಬಾನೆಟ್ ಒಳಗೆ ಇನ್ನೂ ಜಾಸ್ತಿ ಕಾಯುತ್ತದೆ. ಬೆಳಗಿನ ಹೊತ್ತು ಗ್ಯಾರೇಜಿಗೆ ಒಯ್ದರೆ "ಏನೂ ಇಲ್ಲ ಸರ್" ಅಂತಾರೆ. ಮಧ್ಯಾಹ್ನವೇ ಒಯ್ಯಿರಿ. ಇನ್ನೊಂದು ವಿಷಯ ಎರೆಮಣ್ಣಿನ ಧೂಳು. ಬಾಗಲಕೋಟೆ, ವಿಜಯಪುರ ಕಡೆ ಪ್ಲಗ್ ಬಿಚ್ಚುವ ಮೊದಲು ಕುಳಿಗೆ ಗಾಳಿ ಹೊಡೆಯದೆ ಇದ್ದರೆ ಆ ಧೂಳೆಲ್ಲ ಸಿಲಿಂಡರಿಗೇ ಬೀಳುತ್ತದೆ.

ಅಂಗಡಿಯವರು ಕೊಟ್ಟ ಪ್ಲಗ್ ಸರಿಯಾದದ್ದಾ ಅಂತ ಹೇಗೆ ನೋಡಲಿ?

ಹಳೆ ಪ್ಲಗ್ ಮೇಲಿನ ಪೂರ್ತಿ ನಂಬರನ್ನು ಮ್ಯಾನುಯಲ್ ಜೊತೆ ಹೋಲಿಸಿ. "ಇದೇ ಸೈಜು, ಕೂರುತ್ತೆ" ಅನ್ನುವ ಮಾತು ಸಾಲದು. ಥ್ರೆಡ್ ಒಂದೇ ಇದ್ದರೂ ಉದ್ದ ಬೇರೆ ಇದ್ದರೆ ತುದಿ ಪಿಸ್ಟನ್‌ಗೆ ಬಡಿಯಬಹುದು. ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವುದು) ಕೂಡ ನೋಡಿ. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕೆ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ಅದಕ್ಕೆ ಉಲ್ಟಾ. ಹಾಗಾಗಿ ಒಂದು ಕಂಪನಿಯ ಅಂಕೆ ನೋಡಿ ಇನ್ನೊಂದರದ್ದು ಅಂದಾಜು ಮಾಡಬೇಡಿ.

ಗ್ಯಾಪ್ ಬಹಳಷ್ಟು ಕಾರುಗಳಲ್ಲಿ 0.7ರಿಂದ 1.1 ಮಿ.ಮೀ. ಒಳಗೆ ಇರುತ್ತದೆ, ನಿಮ್ಮದು ಎಷ್ಟೆಂದು ಮ್ಯಾನುಯಲ್ ಹೇಳುತ್ತದೆ. ಇರಿಡಿಯಂ ಪ್ಲಗ್‌ನ ನಡುವಿನ ತುದಿ ಸೂಜಿಯಷ್ಟು ಸಣ್ಣದು. ಗ್ಯಾಪ್ ಅಳೆಯಲು ನಾಣ್ಯದಂಥ ಗೇಜ್ ತೂರಿಸಿದರೆ ಮುರಿಯುತ್ತದೆ, ತಂತಿ ಗೇಜ್ ಬಳಸಿ. ನಕಲಿ ಪ್ಲಗ್ ಬಗ್ಗೆ ಹೇಳುವುದಾದರೆ, ಮಸುಕಾದ ಅಕ್ಷರ, ಓರೆಯಾದ ತುದಿ, ನಂಬಲಾಗದಷ್ಟು ಕಡಿಮೆ ರೇಟು, ಇವು ಕಂಡರೆ ವಾಪಸ್ ಕೊಡಿ.

ಕೆಲವು ಪ್ಲಗ್‌ಗಳ ತಲೆಯ ಮೇಲೆ ಬಿಚ್ಚಬಹುದಾದ ಸಣ್ಣ ನಟ್ ಇರುತ್ತದೆ. ಅದು ಸಡಿಲ ಇದ್ದರೂ ಮಿಸ್‌ಫೈರ್ ಬರುತ್ತದೆ.

ಎಷ್ಟು ಟೈಟ್ ಮಾಡಬೇಕು? ಸಡಿಲ ಇದ್ದರೂ ಲೈಟ್ ಬರುತ್ತದಾ?

ಬರುತ್ತದೆ. ಸಡಿಲ ಪ್ಲಗ್‌ನಿಂದ ಒತ್ತಡ ಸೋರುತ್ತದೆ, ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ (ಸಿಲಿಂಡರುಗಳ ಮೇಲೆ ಕೂರುವ, ಪ್ಲಗ್ ಹಿಡಿಯುವ ಭಾಗ) ಕೊಡಲಾಗದೆ ಅತಿಯಾಗಿ ಕಾಯುತ್ತದೆ. ಹಾಗಂತ ಮೈಯೆಲ್ಲ ಬಲ ಹಾಕಬೇಡಿ, ಹೆಡ್ ಅಲ್ಯೂಮಿನಿಯಂ. 14 ಮಿ.ಮೀ. ಥ್ರೆಡ್ಡಿಗೆ ಸುಮಾರು 25ರಿಂದ 30 ನ್ಯೂಟನ್ ಮೀಟರ್, 12ಕ್ಕೆ 15ರಿಂದ 20, 10ಕ್ಕೆ 10ರಿಂದ 12. ಟಾರ್ಕ್ ರೆಂಚ್ ಇಲ್ಲದಿದ್ದರೆ ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ಗನ್ನು ಬೆರಳಿನಲ್ಲಿ ಪೂರ್ತಿ ಕೂರಿಸಿ, ಆಮೇಲೆ ಅರ್ಧ ಸುತ್ತಿಗಿಂತ ಚೂರು ಜಾಸ್ತಿ. ಮೊದಲ ಸುತ್ತುಗಳು ಬೆರಳಿನಿಂದಲೇ ಆಗಬೇಕು. ಪ್ಲಗ್ ತಲೆಗೆ ಒಂದು ತುಂಡು ರಬ್ಬರ್ ಪೈಪು ಸಿಕ್ಕಿಸಿ ಇಳಿಸಿದರೆ ಥ್ರೆಡ್ ಓರೆಯಾದ ಕೂಡಲೇ ಪೈಪು ಜಾರುತ್ತದೆ, ಹಾಳಾಗುವುದು ತಪ್ಪುತ್ತದೆ.

ಥ್ರೆಡ್ ಹೋಗಿಯೇಬಿಟ್ಟಿದ್ದರೆ ಹೆಡ್ ಬಿಸಾಡುವ ಅಗತ್ಯವಿಲ್ಲ. ಹೆಲಿಕಾಯಿಲ್ ಅಥವಾ ಥ್ರೆಡ್ ಇನ್ಸರ್ಟ್ (ತೂತಿಗೆ ಹೊಸ ಥ್ರೆಡ್ ಕೊಡುವ ಲೋಹದ ತುಂಡು) ಹಾಕಿ ಉಳಿಸಬಹುದು. ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಮಶಿನ್ ಶಾಪ್‌ಗಳಿಗೆ ಬರವಿಲ್ಲ. ಇಂಥ ಕೆಲಸದ ಕೈ ಹುಡುಕುವುದು ಬೆಳಗಾವಿಯಲ್ಲಿ ಬೇರೆ ಊರುಗಳಷ್ಟು ಕಷ್ಟ ಅಲ್ಲ. ಹೆಡ್ ಇಳಿಸದೆ ಮಾಡುತ್ತೇನೆ ಅಂದರೆ ಲೋಹದ ಪುಡಿ ಸಿಲಿಂಡರಿಗೆ ಬೀಳದಂತೆ ಏನು ಮಾಡುತ್ತೀರಿ ಅಂತ ಮೊದಲೇ ಕೇಳಿ.

ಎಲ್ಲ ಸರಿಯಾಯಿತು, ಗಾಡಿ ಚೆನ್ನಾಗಿ ಓಡುತ್ತಿದೆ. ಲೈಟ್ ಮಾತ್ರ ಆರಿಲ್ಲ.

ಕಾಯಿರಿ. ಸಾಮಾನ್ಯವಾಗಿ ದೋಷವಿಲ್ಲದ ಮೂರು ಡ್ರೈವ್ ಸೈಕಲ್ ಸತತವಾಗಿ ಮುಗಿದ ಮೇಲೆ ಲೈಟ್ ತಾನಾಗಿ ಆರುತ್ತದೆ. ಬರೀ ಸ್ಟಾರ್ಟ್ ಮಾಡಿ ಬಂದ್ ಮಾಡಿದರೆ ಅದು ಡ್ರೈವ್ ಸೈಕಲ್ ಆಗುವುದಿಲ್ಲ, ಎಂಜಿನ್ ಬಿಸಿಯಾಗುವಷ್ಟು ಓಡಬೇಕು. ಆತುರ ಇದ್ದರೆ ಸ್ಕ್ಯಾನರ್‌ನಲ್ಲಿ ಅಳಿಸಿ. ಸೆನ್ಸರ್ ವೈರ್ ಬಿಚ್ಚಿದ್ದಾಗ ಯಾರೋ ಸುಮ್ನೆ ಕೀ ಆನ್ ಮಾಡಿರುತ್ತಾರೆ, ಆ ಒಂದು ಗಳಿಗೆಯ ಕೋಡ್ ಉಳಿದಿರುತ್ತದೆ. ಅಂಥದ್ದು ಅಳಿಸಿದರೆ ಮತ್ತೆ ಬರುವುದಿಲ್ಲ. ಮತ್ತೆ ಬಂದರೆ ದೋಷ ನಿಜ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಕೆಲಸ ಮಾಡಿದ್ದರು. ಈಗ ಸ್ಟೀರಿಂಗ್ ಲೈಟೂ ಇದೆ, ಐಡ್ಲಿಂಗ್ ಏರಿಳಿಯುತ್ತಿದೆ.

ಬ್ಯಾಟರಿ ಬಿಚ್ಚಿದಾಗ ಗಾಡಿ ತಾನು ಕಲಿತದ್ದನ್ನು ಮರೆತಿದೆ. ಸ್ಟೀರಿಂಗನ್ನು ಎರಡೂ ಕೊನೆಗೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ಓಡಿಸಿ. ಬಹಳ ಗಾಡಿಗಳಲ್ಲಿ ಅಷ್ಟಕ್ಕೇ ಹೋಗುತ್ತದೆ.

ಪೆಟ್ರೋಲ್‌ನಲ್ಲಿ ಸರಿ, ಸಿಎನ್‌ಜಿಗೆ ಹಾಕಿದರೆ ಲೈಟ್ ಬರುತ್ತದೆ.

ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಸ್ವಲ್ಪ ಅಗಲ ಇದ್ದರೂ, ಕಾಯಿಲ್ ಸ್ವಲ್ಪ ಸೋತಿದ್ದರೂ ಸಿಎನ್‌ಜಿಯಲ್ಲಿ ಮೊದಲು ಗೊತ್ತಾಗುತ್ತದೆ. ಕಂಪನಿಯೇ ಸಿಎನ್‌ಜಿ ಹಾಕಿಕೊಟ್ಟ ಗಾಡಿಯಾದರೆ ಆ ಮಾಡೆಲ್‌ಗೆ ಹೇಳಿದ ಪ್ಲಗ್ ಹಾಕಿ, ಪೆಟ್ರೋಲ್ ಮಾಡೆಲ್‌ನದ್ದು ಬೇಡ.

ಹಳೆ ಹೋಂಡಾ ಸಿಟಿ ಕೊಂಡಿದ್ದೇನೆ. ನಾಲ್ಕೂ ಪ್ಲಗ್ ಬದಲಿಸಿದರೂ ಮಿಸ್ ಹೋಗಿಲ್ಲ.

ಐ-ಡಿಎಸ್‌ಐ ಎಂಜಿನ್ನಾ? ಹಾಗಿದ್ದರೆ ಸಿಲಿಂಡರಿಗೆ ಎರಡರಂತೆ ಒಟ್ಟು 8 ಪ್ಲಗ್ ಇವೆ. ಮುಂದಿನ ನಾಲ್ಕು ಸುಲಭವಾಗಿ ಸಿಗುತ್ತವೆ, ಹಿಂದಿನ ನಾಲ್ಕು ಕೈಗೆ ಎಟುಕುವುದಿಲ್ಲ. ಯಾವ ನಾಲ್ಕು ಬದಲಾಗಿರುತ್ತವೆ ಅಂತ ಬೇರೆ ಹೇಳಬೇಕೇ?

ಇಲಿ ಕಾಟಕ್ಕೂ ಹೀಗೆ ಲೈಟ್ ಬರುತ್ತದಾ?

ಬರುತ್ತದೆ. ಗದ್ದೆ, ಕಬ್ಬಿನ ಹೊಲದ ಪಕ್ಕ ಗಾಡಿ ನಿಲ್ಲಿಸುವವರು ಕಾಯಿಲ್ ಮತ್ತು ಇಂಜೆಕ್ಟರ್ ವೈರುಗಳನ್ನು ಟಾರ್ಚ್ ಹಿಡಿದು ನೋಡಿ. ಹಲ್ಲಿನ ಗುರುತು ಕಾಣುತ್ತದೆ.

ಡೀಸೆಲ್ ಗಾಡಿಗೆ?

ಸ್ಪಾರ್ಕ್ ಪ್ಲಗ್ಗೇ ಇಲ್ಲ. ಸುರುಳಿ ತಂತಿಯ ಚಿತ್ರದ ಲೈಟ್ ಹತ್ತಿದ್ದರೆ ಅದು ಗ್ಲೋ ಪ್ಲಗ್‌ನದು.

ತೆಗೆದ ಹಳೆ ಪ್ಲಗ್ ಎಸೆಯಬಹುದಾ?

ತಕ್ಷಣ ಬೇಡ. ಯಾವ ಸಿಲಿಂಡರಿನದು ಯಾವುದು ಅಂತ ಗುರುತು ಹಾಕಿ, ಹೊಸದರ ಡಬ್ಬಿಯಲ್ಲೇ ಇಡಿ. ತುದಿ ತಿಳಿ ಕಂದು ಇದ್ದರೆ ಉರಿ ಸರಿಯಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಜಿಡ್ಡು ಮಸಿ ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಒಂದೇ ಪ್ಲಗ್ ಉಳಿದವಕ್ಕಿಂತ ಬೇರೆ ಬಣ್ಣ ಇದ್ದರೆ ಆ ಸಿಲಿಂಡರಿನ ತೊಂದರೆ ಹೊಸ ಪ್ಲಗ್‌ಗಿಂತ ಮೊದಲಿನದು. ಲೈಟ್ ಹತ್ತಿ ಏನೂ ಹೊಳೆಯದಿದ್ದರೆ ಅನುಮಾನದ ಸಿಲಿಂಡರಿಗೆ ಹಳೆಯದನ್ನೇ ಮತ್ತೆ ಹಾಕಿ ಓಡಿಸಿ ನೋಡಿ. ಮಿಸ್ ಹೋದರೆ ಹೊಸ ಪ್ಲಗ್ಗನ್ನು ಬಿಲ್ ಸಮೇತ ಅಂಗಡಿಗೆ ಒಯ್ಯಿರಿ.